ನೀರು ಕುಡಿದು ಬನ್ನಿ

ನಮ್ಮ ಕೋಣೆ ತೆರೆಯುತ್ತಿದ್ದುದು ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ. ಅದಕ್ಕಿಂತ ಮೊದಲು ತೆರೆದರೆ ಯಾರೂ ಸಿಗುತ್ತಿರಲಿಲ್ಲ. ಮನೆಯವರೆಲ್ಲ ಕೊಟ್ಟಿಗೆಯಲ್ಲಿರುತ್ತಿದ್ದರು, ಫೋನು ಹಾಲಿನ ಕ್ಯಾನಿನ ಜೊತೆ ಡೇರಿಗೆ ಹೋಗಿರುತ್ತಿತ್ತು.

ಕೋಣೆ ಎಂದರೆ ಮೊಬೈಲಿನ ಆಪ್ ಒಂದರೊಳಗಿನ ಕೋಣೆ. ಹಸಿರು ಬಾಗಿಲಿನ ಚಿತ್ರ ಒತ್ತಿದರೆ ಒಳಗಿರುವವರ ದನಿ ನಮಗೆ ಕೇಳುತ್ತದೆ, ನಮ್ಮ ದನಿ ಅವರಿಗೆ ಕೇಳುತ್ತದೆ. ಕಣ್ಣು ಕಾಣದವರಿಗೆ, ಓದು ಬಾರದವರಿಗೆ ಅದು ಬರಹವನ್ನು ಓದಿ ಹೇಳುತ್ತದೆ. ಕಿವಿ ಕೇಳದವರಿಗೆ ಮಾತನ್ನು ಅಕ್ಷರ ಮಾಡಿ ತೋರಿಸುತ್ತದೆ. ಹಳ್ಳಿಗಳಲ್ಲಿ ಮನೆಯೊಳಗೇ ಉಳಿದುಹೋದ ಅಂಗವಿಕಲರು ಒಬ್ಬರಿಗೊಬ್ಬರು ಮಾತಿಗೆ ಸಿಗಲಿ ಎಂದು ಬೆಂಗಳೂರಿನ ಕೆಲವರು ಅದನ್ನು ಮಾಡಿದ್ದರು. ನನಗೆ ಅವರು ಕೊಟ್ಟ ಕೆಲಸ ಆಪ್‌ನ ಕನ್ನಡವನ್ನು ತಿದ್ದುವುದು. ‘ನಿಮ್ಮ ಧ್ವನಿ ಸಂದೇಶವನ್ನು ಯಶಸ್ವಿಯಾಗಿ ರವಾನಿಸಲಾಗಿದೆ’ ಎಂದಿದ್ದುದನ್ನು ನಾನು ‘ಹೋಯ್ತು’ ಎಂದು ಮಾಡಿದೆ. ಅವರು ಮೊದಲು ಒಪ್ಪಲಿಲ್ಲ, ಆಮೇಲೆ ಒಪ್ಪಿದರು. ತಿದ್ದುವುದು ಮುಗಿದ ಮೇಲೆ ಕೋಲಾರ ಸೀಮೆಯ ಕೋಣೆಯನ್ನು ದಿನವೂ ತೆರೆದು ನೋಡಿಕೊಳ್ಳುವ ಕೆಲಸವೂ ನನಗೇ ಬಂತು.

ಎಂ.ಎ. ಮುಗಿಸಿ ಆಗ ನಾನು ಊರಿಗೆ ಹಿಂತಿರುಗಿದ್ದೆ. ಊರು ಮಾಲೂರು ತಾಲ್ಲೂಕು, ಮಾಸ್ತಿಯ ಪಕ್ಕ. ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುತ್ತೇನೆ. ಹುಟ್ಟಿನಿಂದ ನನ್ನ ಎರಡು ಕಾಲೂ ಬಿಗಿ. ಮೊಣಕೈಗೆ ಸಿಕ್ಕಿಸುವ ಊರುಗೋಲುಗಳನ್ನು ಹಿಡಿದು ನಡೆಯುತ್ತೇನೆ. ನನ್ನ ಬಗ್ಗೆ ಇಷ್ಟು ಸಾಕು.

ಕೋಣೆಗೆ ಬಂದುಹೋಗುವವರು ಹಲವರಿದ್ದರೂ ತಪ್ಪದೆ ಬರುತ್ತಿದ್ದವರು ನಾವು ನಾಲ್ಕು ಜನ. ಮುಳಬಾಗಿಲಿನ ಆಚೆ, ಆಂಧ್ರದ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಟೀ ಅಂಗಡಿ ಇಟ್ಟಿರುವ ಅಣ್ಣ ಒಬ್ಬರು. ಅವರಿಗೆ ಕಣ್ಣು ಕಾಣುವುದಿಲ್ಲ. ಅವರ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಆಪ್ ಅವರ ಕನ್ನಡವನ್ನು ಅಕ್ಷರ ಮಾಡುತ್ತಾ ಬಂದು, ತೆಲುಗು ಶುರುವಾದ ಕಡೆ ಬರೀ ಚುಕ್ಕಿ ಇಡುತ್ತಿತ್ತು. ಇನ್ನೊಬ್ಬಳು ಸುಗಟೂರಿನ ಟೈಲರ್. ನನ್ನ ವಯಸ್ಸಿನವಳೇ, ಚಿಕ್ಕಂದಿನಿಂದ ಕಿವಿ ಕೇಳುವುದಿಲ್ಲ. ನಮ್ಮ ಮಾತನ್ನು ಅವಳು ಓದುತ್ತಿದ್ದಳು, ಉತ್ತರವನ್ನು ಟೈಪ್ ಮಾಡುತ್ತಿದ್ದಳು, ಅದನ್ನು ಆಪ್ ತನ್ನ ಸೆಟೆದ ಹೆಣ್ಣುದನಿಯಲ್ಲಿ ನಮಗೆ ಓದಿ ಹೇಳುತ್ತಿತ್ತು.

“ಈ ಚುಕ್ಕಿಗಳು ಏನು?” ಎಂದು ಅವಳು ಒಂದು ದಿನ ಬರೆದಳು.

“ಬೈಗುಳ ಕಣಮ್ಮಾ,” ಎಂದರು ಅಣ್ಣ. “ಆಪ್‌ಗೆ ಮಾನ ಮರ್ಯಾದೆ ಐತೆ, ಬರಿಯಲ್ಲ.”

“ಹಾಗಾದರೆ ನೀವು ದಿನಾ ತುಂಬಾ ಬೈತೀರ,” ಎಂದು ಸೆಟೆದ ದನಿ ಹೇಳಿತು.

ನಾಲ್ಕನೆಯವರು ಶ್ರೀನಿವಾಸಪುರದ ಅಕ್ಕ. ಊರು ತಾಲ್ಲೂಕಿನ ಒಳಗಡೆ, ಸುತ್ತ ಮಾವಿನ ತೋಪು. ಕೆಲವು ವರ್ಷಗಳ ಹಿಂದೆ ಟ್ರ್ಯಾಕ್ಟರಿನಲ್ಲಿ ಹುಲ್ಲಿನ ಹೊರೆಯ ಮೇಲೆ ಕೂತು ಬರುವಾಗ ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದಿಂದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಗಾಲಿಕುರ್ಚಿ ಇದೆ, ಅದು ನಡುಮನೆಯಿಂದ ಜಗಲಿಗೆ ಬರುತ್ತದೆ, ಜಗಲಿಯಿಂದ ನಡುಮನೆಗೆ ಹೋಗುತ್ತದೆ. ಆಸ್ಪತ್ರೆಯೊಂದನ್ನು ಬಿಟ್ಟರೆ ಅಕ್ಕ ಆಮೇಲೆ ಊರ ಗಡಿ ದಾಟಿರಲಿಲ್ಲ. ಆದರೆ ಕೋಣೆಯಲ್ಲಿ ಎಲ್ಲಕ್ಕಿಂತ ದೊಡ್ಡ ದನಿ ಅವರದೇ. ಒಳಗೆ ಬಂದವರನ್ನೆಲ್ಲ ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಏನ್ ಸಾರು?” ಹೇಳದೆ ಮುಂದೆ ಹೋಗಲು ಬಿಡುತ್ತಿರಲಿಲ್ಲ. ನನ್ನಂಥವಳಿಗೆ ಅದು ಅನುಕೂಲವಾಗಿತ್ತು. ಸಾರಿನ ವಿಷಯ ಹೇಳಿಬಿಟ್ಟರೆ ನನ್ನ ಪಾಲಿನ ಮಾತು ಮುಗಿದಂತೆ.

ಹೀಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ನಾವು ಯಾರೂ ಯಾರನ್ನೂ ಕಂಡಿರಲಿಲ್ಲ.

ಒಂದು ಸಂಜೆ ಸುಗಟೂರಿನವಳು ಬರೆದಳು: “ನಮ್ಮ ಹುಳು ಮನೆ ಖಾಲಿ ಆಯ್ತು. ಎಲ್ಲರೂ ಬನ್ನಿ. ಒಂದು ದಿನ ಇರೋಣ.”

ಅವರ ಮನೆಯಲ್ಲಿ ರೇಷ್ಮೆ. ಒಂದು ಬೆಳೆಯ ಗೂಡು ಬಿಡಿಸಿ ಮಾರಿದ ಮೇಲೆ ಹುಳು ಸಾಕುವ ಮನೆಯನ್ನು ತೊಳೆದು, ಬ್ಲೀಚಿಂಗ್ ಪುಡಿ ಸುಣ್ಣ ಹಾಕಿ, ಕೆಲವು ದಿನ ಖಾಲಿ ಬಿಡುತ್ತಾರೆ. ಸಿಮೆಂಟಿನ ನೆಲ, ಹೊಸ್ತಿಲಿಲ್ಲ, ಹುಳುವಿನ ದೊಡ್ಡ ತಟ್ಟೆಗಳನ್ನು ಹೊತ್ತು ಓಡಾಡುವಷ್ಟು ಅಗಲದ ಬಾಗಿಲು. ಗಾಲಿಕುರ್ಚಿಗೆ ಅದಕ್ಕಿಂತ ಒಳ್ಳೆಯ ಜಾಗ ನಮ್ಮ ಹಳ್ಳಿಗಳಲ್ಲಿ ಸಿಗುವುದಿಲ್ಲ. ಆದರೆ ಮುಂದಿನ ಬೆಳೆಯ ಮರಿ ಹುಳು ಬಂತೆಂದರೆ ಮುಗಿಯಿತು. ಆಮೇಲೆ ಮನೆಯವರೇ ಕೈಕಾಲು ತೊಳೆದುಕೊಂಡು ಒಳಗೆ ಹೋಗಬೇಕು, ಹೊರಗಿನವರನ್ನು ಬಿಡುವುದಿಲ್ಲ. ಹಾಗಾಗಿ ಬರುವ ಭಾನುವಾರ ಒಂದೇ ಇದ್ದದ್ದು.

ಅಕ್ಕನ ಖುಷಿ ನೋಡಬೇಕಿತ್ತು. “ಬಂದೇ ಬರ್ತೀನಿ ಕಣ್ರೋ! ಮುಳಬಾಗಿಲಿನ ಅಣ್ಣನ ಮುಖ ನೋಡ್ಬೇಕು ನಾನು. ಅಷ್ಟು ಸುಳ್ಳು ಹೇಳೋ ಬಾಯಿ ಹೆಂಗೈತೆ ಅಂತ.”

“ನೋಡಮ್ಮಾ, ನೋಡು. ನಂಗಂತೂ ನಿನ್ ಮುಖ ನೋಡೋ ಕಷ್ಟ ಇಲ್ಲ,” ಎಂದರು ಅಣ್ಣ.

ಅಂದೇ ಟೈಲರ್‌ಗೆ ಬ್ಲೌಸ್ ಹೊಲಿಯಲು ಹೇಳಿದರು. ನೇರಳೆ ಬಣ್ಣ. ಅಳತೆಗೆ ಹಳೆಯ ಬ್ಲೌಸೊಂದನ್ನು ಕೋಲಾರಕ್ಕೆ ಹೋಗುತ್ತಿದ್ದ ಪಕ್ಕದ ಮನೆಯವರ ಕೈಯಲ್ಲಿ ಕಳಿಸಿದರು.

ಮಾರನೆಯ ಸಂಜೆ ಅಕ್ಕನ ದನಿ ಇಳಿದಿತ್ತು. ಹುಣಸೆಹಣ್ಣಿನ ಕೆಲಸ ಬಿದ್ದಿದೆ, ಬರಲಾಗುವುದಿಲ್ಲವೇನೋ ಎಂದರು.

“ಒಂದಿನ ಬಿಟ್ರೆ ಹುಣಸೆಹಣ್ಣು ಎದ್ದು ಓಡೋಗ್ತದಾ ಅಕ್ಕ?” ಎಂದು ಅಣ್ಣ ಕೇಳಿದರು.

ಅದರ ಮರುದಿನ ಗಾಡಿ ಸಿಗುವುದಿಲ್ಲ ಎಂದರು. ಶ್ರೀನಿವಾಸಪುರದಲ್ಲಿ ತನಗೆ ಗೊತ್ತಿರುವ ಓಮ್ನಿಯವನಿದ್ದಾನೆ, ಸೀಟು ಬಿಚ್ಚಿ ಕುರ್ಚಿಗೆ ಜಾಗ ಮಾಡಿಕೊಡುತ್ತಾನೆ, ಮಾತಾಡಿದ್ದೇನೆ ಎಂದರು ಅಣ್ಣ. ಅಕ್ಕ, “ಬಿಸಿಲು ಜಾಸ್ತಿ ಅಲ್ವೇನಪ್ಪ,” ಎಂದರು. ಆ ದಿನ ಯಾರ ಸಾರನ್ನೂ ಕೇಳಲಿಲ್ಲ. ಮರುದಿನದಿಂದ ಕೋಣೆಗೇ ಬರಲಿಲ್ಲ. ಟೈಲರ್ ಹೊಲಿದ ಬ್ಲೌಸಿನ ಫೋಟೋ ಕಳಿಸಿದ್ದಳು. ಅದನ್ನೂ ತೆರೆದಿರಲಿಲ್ಲ.

“ನಾವೇನಾದ್ರೂ ತಪ್ಪು ಮಾತಾಡಿದ್ವಾ?” ಎಂದು ಅಣ್ಣ ನನ್ನನ್ನು ಕೇಳಿದರು. “ಮುಖದ್ ವಿಷ್ಯ ತಮಾಷೆ ಮಾಡ್ದೆ ಕದಾ, ಅದಕ್ಕೇನಾದ್ರೂ...”

ಅದಕ್ಕಲ್ಲ ಎಂದು ನನಗೆ ಅನ್ನಿಸಿತ್ತು. ಎಷ್ಟೋ ದಿನಗಳ ಹಿಂದೆ ಅಕ್ಕ ಬೇರೇನೋ ಹೇಳುವಾಗ, ನೀರು ಕಮ್ಮಿ ಕುಡಿಯುತ್ತೇನೆಂದು ನರ್ಸಮ್ಮ ಬೈಯುತ್ತಾರೆ ಎಂದಿದ್ದರು. ಉಳಿದವರು ಅದನ್ನು ಗಮನಿಸಿರಲಿಕ್ಕಿಲ್ಲ. ನನಗೆ ಅದು ನೆನಪಿನಲ್ಲಿ ಉಳಿದಿತ್ತು.

ಹೊರಗೆ ಹೋಗುವ ದಿನ ನಾನು ಬೆಳಿಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ. ಕಾಲೇಜಿನಲ್ಲಿ, ಯೂನಿವರ್ಸಿಟಿಯಲ್ಲಿ, ಇಡೀ ಓದಿನ ವರ್ಷಗಳಲ್ಲಿ ಹೀಗೇ ಮಾಡಿದ್ದೆ. ಶೌಚಾಲಯವೇನೋ ಇರುತ್ತದೆ. ಅದಕ್ಕೆ ಮೆಟ್ಟಿಲಿರುತ್ತದೆ, ನೆಲ ಒದ್ದೆಯಿರುತ್ತದೆ, ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಊರುಗೋಲುಗಳನ್ನು ಎಲ್ಲಿ ಒರಗಿಸುವುದು ಎಂದು ತಿಳಿಯುವುದಿಲ್ಲ. ಯಾರ ಮನೆಗೆ ಹೋದರೂ ‘ಒಂದ್ ಲೋಟ ಮಜ್ಜಿಗೆನಾದ್ರೂ ಕುಡಿಯಮ್ಮ’ ಎನ್ನುತ್ತಾರೆ. ಈಗ ತಾನೇ ಕುಡಿದೆ ಎನ್ನುತ್ತೇನೆ. ಒತ್ತಾಯ ಮಾಡಿದರೆ ಲೋಟವನ್ನು ತುಟಿಗೆ ತಾಗಿಸಿ ಇಡುತ್ತೇನೆ. ಇವಳಿಗೆ ಬಿಂಕ ಎಂದು ಕೆಲವರು ಹೇಳಿಕೊಂಡದ್ದೂ ಗೊತ್ತು. ಆದರೂ ಈ ವಿಷಯವನ್ನು ನಾನು ಅಮ್ಮನಿಗೂ ಹೇಳಿರಲಿಲ್ಲ.

ಕೋಣೆಯಲ್ಲಿ ಎಲ್ಲರ ಮುಂದೆ ಹೇಳುವ ಮಾತಲ್ಲ ಅದು. ಆಪ್‌ನಲ್ಲಿ ಒಬ್ಬರಿಗೇ ಕಳಿಸುವ ದನಿಯ ಸಂದೇಶವಿದೆ. ಅಕ್ಕನಿಗೆ ಓದು ಬಾರದು, ಹಾಗಾಗಿ ಬರೆಯುವಂತಿರಲಿಲ್ಲ, ಬಾಯಿಬಿಟ್ಟೇ ಹೇಳಬೇಕು. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಬಾಗಿಲು ಹಾಕಿಕೊಂಡು ಕೂತೆ. ಹೇಳಿ ಅಳಿಸಿದೆ. ಮತ್ತೆ ಹೇಳಿ ಅಳಿಸಿದೆ. ಕೊನೆಗೆ ಹೇಳಿದ್ದು ಇಷ್ಟು:

“ಅಕ್ಕ, ಇದು ನಿಮಗೊಬ್ಬರಿಗೇ. ನೀವು ಬರಲ್ಲ ಅಂತಿರೋದು ಒಂದಕ್ಕೆ ಹೋಗೋ ಕಷ್ಟಕ್ಕೇನಾ? ಹಾಗಿದ್ದರೆ ನನಗೂ ಅದೇ ಕಷ್ಟ. ಆಚೆ ಹೋಗೋ ದಿನ ನಾನು ತೊಟ್ಟು ನೀರೂ ಕುಡಿಯಲ್ಲ. ಮನೆಗೆ ಬಂದು ಊರುಗೋಲು ಬಿಸಾಕಿ ಓಡ್ತೀನಿ. ನೀವು ಹೇಳಿದರೆ ಸುಗಟೂರಿನಲ್ಲಿ ಏನು ಅನುಕೂಲ ಇದೆ ಅಂತ ನಾನು ವಿಚಾರಿಸ್ತೀನಿ. ಗಂಡಸರಿಗೆ ಗೊತ್ತಾಗಲ್ಲ. ಯಾರಿಗೂ ಗೊತ್ತಾಗಲ್ಲ.”

‘ಹೋಯ್ತು’ ಎಂದಿತು ಆಪ್.

ನನಗೆ ತಿಳಿಯದೆ ಇದ್ದದ್ದು ಒಂದಿತ್ತು. ಅಕ್ಕನ ಫೋನಿನಲ್ಲಿ ಕಿವಿಗೆ ಇಟ್ಟುಕೊಂಡು ಕೇಳುವ ಸ್ಪೀಕರು ಕೆಟ್ಟುಹೋಗಿತ್ತು. ಏನು ಬಂದರೂ ಊರಿಗೆಲ್ಲ ಕೇಳುವ ಹಾಗೆ ದೊಡ್ಡ ಸ್ಪೀಕರಿನಲ್ಲೇ ಬರಬೇಕು. ಹುಣಸೆಯ ಕಾಲದಲ್ಲಿ ಬೀದಿಯ ಹೆಂಗಸರೆಲ್ಲ ಹಣ್ಣು ಬಡಿದು ಬೀಜ ತೆಗೆಯಲು ಅಕ್ಕನ ಜಗಲಿಗೇ ಬರುತ್ತಿದ್ದರು, ಅಲ್ಲಿ ನೆರಳು ಹೆಚ್ಚು. ನಡುವೆ ಒಂದು ಮಂಕರಿ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಫೋನಿಡುತ್ತಿದ್ದರು. ನಮ್ಮ ಕೋಣೆಯ ಮಾತನ್ನು, ನಮ್ಮ ಸಂದೇಶಗಳನ್ನು, ಆ ಬೀದಿ ತಿಂಗಳುಗಟ್ಟಲೆಯಿಂದ ರೇಡಿಯೋ ಕೇಳಿದ ಹಾಗೆ ಕೇಳುತ್ತಿತ್ತು. ನಮ್ಮ ಮನೆಯ ಸಾರುಗಳೆಲ್ಲ ಅವರಿಗೆ ಗೊತ್ತಿದ್ದವು.

ಸಂಜೆಯ ಹೊತ್ತಿಗೆ ಅಕ್ಕನಿಂದ ಸಂದೇಶ ಬಂತು. ಒತ್ತಿದರೆ ಮೊದಲು ಕೇಳಿಸಿದ್ದು ಹಲವು ಹೆಂಗಸರ ನಗು.

“ಲೇ ಮಾಲೂರಿನೋಳೇ! ಯಾರಿಗೂ ಗೊತ್ತಾಗಲ್ಲ ಅಂದ್ಯಲ್ಲೇ, ಇಡೀ ಬೀದಿ ಕೇಳಿಸ್ಕೊಂತು ಕಣೇ!”

ನಾನು ಫೋನನ್ನು ದಿಂಬಿನ ಕೆಳಗೆ ಇಟ್ಟುಬಿಟ್ಟೆ. ಅಮ್ಮ ಬಂದು ಕಾಫಿ ಬೇಕಾ ಎಂದು ಕೇಳಿ ಹೋದಳು, ಏನು ಹೇಳಿದೆನೋ ನೆನಪಿಲ್ಲ. ಸಾಕಷ್ಟು ಹೊತ್ತಾದ ಮೇಲೆ ಫೋನು ತೆಗೆದು ಉಳಿದದ್ದನ್ನು ಕೇಳಿದೆ.

ಒಬ್ಬ ಮುದುಕಿಯ ದನಿ: “ಯಾರಮ್ಮ ಆ ಹುಡ್ಗಿ, ಹೊಟ್ಟೆ ತಣ್ಣಗಿರ್ಲಿ. ನಾನೂ ಕೋಲಾರದ ಆಸ್ಪತ್ರೆಗೆ ಹೋಗೋ ದಿನ ಎಂಜಲೂ ನುಂಗಲ್ಲ.”

ಇನ್ನೊಬ್ಬರು: “ಓಹೋ! ಅದಕ್ಕೇನಾ ಅತ್ತೆ, ಅವತ್ತು ಛತ್ರದಲ್ಲಿ ಪಾನಕ ಬೇಡ ಅಂತ ಮುಖ ತಿರುಗಿಸಿದ್ದು? ಬೀಗರು ನೀವು ಸಿಟ್ಟಾಗಿದೀರ ಅಂತ ಎಷ್ಟು ಕೈ ಮುಗಿದ್ರು!”

“ಮುಗೀಲಿ ಬಿಡು. ಸಿಟ್ಟೂ ಇತ್ತು.”

ಮತ್ತೆ ನಗು. ಹುಣಸೆ ಬಡಿಯುವ ಸದ್ದು ನಿಂತಿತ್ತು. ಹೆಸರಿಲ್ಲದ ಆ ದನಿಗಳು ಒಬ್ಬರಾದ ಮೇಲೊಬ್ಬರು ತಮ್ಮ ತಮ್ಮ ಬಸ್ಸಿನ ಪ್ರಯಾಣ, ಸಂತೆ, ಮದುವೆಯನ್ನು ಹೇಳಿಕೊಂಡವು. ಎಲ್ಲರಿಗೂ ಎರಡು ಕಾಲೂ ಸರಿಯಿದ್ದವು. ಎಲ್ಲರೂ ನನ್ನ ಹಾಗೆಯೇ ನೀರು ಬಿಟ್ಟು ಓಡಾಡಿದವರು.

ನಡುವೆ ಒಂದು ಗಟ್ಟಿ ದನಿ ಬಂತು. ಅದು ಅಕ್ಕನ ವಾರಗಿತ್ತಿ, ಮೈದುನನ ಹೆಂಡತಿ. ಮನೆಯಲ್ಲಿ ಅಕ್ಕನನ್ನು ಎತ್ತಿ ಇಳಿಸಿ ನೋಡಿಕೊಳ್ಳುವವರು ಅವರೇ. “ನಂಗೆ ಒಂದ್ ಮಾತು ಹೇಳ್ಬಾರ್ದಾ ಅಕ್ಕ? ಜೊತೇಲಿ ಬರಲ್ಲ ಅಂತ ಯಾವತ್ತಾದ್ರೂ ಅಂದಿದೀನಾ? ಹುಣಸೆಹಣ್ಣಂತೆ, ಬಿಸಿಲಂತೆ. ಬಾಯಿ ಐತಲ್ಲ, ಊರಿಗೆಲ್ಲ ಸಾರು ಕೇಳಕ್ಕೆ ಮಾತ್ರಾನಾ ಅದು?”

ಎರಡನೆಯ ಸಂದೇಶದಲ್ಲಿ ಅಕ್ಕ ಒಬ್ಬರೇ ಇದ್ದರು. ದನಿ ಚಿಕ್ಕದಾಗಿತ್ತು. “ನಂಗೆ ಗೊತ್ತಾಗಲ್ಲ ಕಣಮ್ಮ, ಬಂತು ಅಂತಾನೇ ಗೊತ್ತಾಗಲ್ಲ. ಹೊತ್ತು ಹೊತ್ತಿಗೆ ಕೊಳವೆ ಹಾಕಿ ತೆಗೀಬೇಕು. ಮಲಗಕ್ಕೆ ಮಂಚ ಬೇಕು, ಕೈ ತೊಳೆಯಕ್ಕೆ ನೀರು ಬೇಕು, ಮರೆ ಬೇಕು. ಹೊತ್ತು ಮೀರಿದ್ರೆ ಸೀರೆಯೆಲ್ಲ ಆಗೋಗ್ತದೆ. ಒಂದ್ಸಲ ಆಸ್ಪತ್ರೇಲಿ ಎಲ್ಲರ ಮುಂದೆ ಹಂಗಾಯ್ತು. ನಿಮ್ಮೆಲ್ಲರ ಮುಂದೆ ಹಂಗಾದ್ರೆ ಆಮೇಲೆ ನಾನು ಆ ಕೋಣೆಗೂ ಬರಕ್ಕಾಗಲ್ಲ. ಇರೋದು ಅದೊಂದು.” ಕೊನೆಗೆ, “ಆ ಟೈಲರಮ್ಮಂಗೆ ಹೇಳು. ಜಾಗ ಏನೈತೆ ಅಂತ ಗೊತ್ತಾಗ್ದೆ ನಾನು ಮನೆ ಬಿಡಲ್ಲ,” ಎಂದರು.

ಶುಕ್ರವಾರ ಆಗಿತ್ತು. ಸುಗಟೂರಿನವಳಿಗೆ ಎಲ್ಲವನ್ನೂ ಬರೆದು ಕಳಿಸಿದೆ. ಅವಳು ಸಮಾಧಾನ ಹೇಳಲಿಲ್ಲ, ಅಯ್ಯೋ ಎನ್ನಲಿಲ್ಲ. ಮೊದಲು ಬಂದದ್ದು ಒಂದು ಫೋಟೋ. ಹಿತ್ತಿಲ ಶೌಚಾಲಯದ ಬಾಗಿಲಿಗೆ ಅಡ್ಡಲಾಗಿ ಅವಳು ತನ್ನ ಅಳತೆಯ ಹಳದಿ ಟೇಪನ್ನು ಹಿಡಿದಿದ್ದಳು. ಕೆಳಗೆ ಬರೆದಿದ್ದಳು: “ಬಾಗಿಲು ಚಿಕ್ಕದು. ಕುರ್ಚಿ ಹೋಗಲ್ಲ. ಇರಿ.”

ಶನಿವಾರ ಬೆಳಿಗ್ಗೆ ಇನ್ನೆರಡು ಬಂದವು. ಹುಳು ಮನೆಗೆ ಅಂಟಿಕೊಂಡು ಹಿಪ್ಪುನೇರಳೆ ಸೊಪ್ಪು ಇಡುವ ಕೋಣೆಯಿದೆ. ಸೊಪ್ಪಿನ ಹೊರೆ ತಲೆಯ ಮೇಲೆ ಹೊತ್ತೇ ಒಳಗೆ ಹೋಗಬೇಕಾದ್ದರಿಂದ ಅದಕ್ಕೆ ಬಾಗಿಲು ಅಗಲ, ಕದವಿಲ್ಲ. ಹುಳು ಇಲ್ಲದ ದಿನಗಳಲ್ಲಿ ಸೊಪ್ಪೂ ಇರುವುದಿಲ್ಲ. ಅಲ್ಲಿಗೆ ಮಂಚ ಬಂದಿತ್ತು, ಬಕೆಟ್ಟು, ಸೋಪು, ಮುಚ್ಚಳದ ಡಬ್ಬ ಬಂದಿದ್ದವು. ಬಾಗಿಲಿಗೆ ಅವಳು ಎರಡು ಪದರದ ಪರದೆ ಹೊಲಿದು ಹಾಕಿದ್ದಳು. “ದಪ್ಪ ಬಟ್ಟೆ. ಬೆಳಕಿಗೆ ಹಿಡಿದು ನೋಡಿದೆ. ಏನೂ ಕಾಣಲ್ಲ,” ಎಂದಿತ್ತು ಬರಹ. ಎರಡನೆಯ ಫೋಟೋ ನನಗೆ. ಶೌಚಾಲಯದ ಒಳಗೋಡೆಗೆ ಅವಳ ಗಂಡ ಒಂದು ಪೈಪನ್ನು ಅಡ್ಡ ಹೊಡೆದಿದ್ದ. ನಾನು ನನ್ನ ವಿಷಯ ಒಂದು ಸಾಲು ಮಾತ್ರ ಬರೆದಿದ್ದೆ, ಏನನ್ನೂ ಕೇಳಿರಲಿಲ್ಲ.

ಅಕ್ಕನಿಗೆ ಎಲ್ಲವನ್ನೂ ವಿವರಿಸಿ ಹೇಳಿದೆ, ಈ ಸಲ ಬೀದಿ ಕೇಳಿಸಿಕೊಳ್ಳುತ್ತದೆ ಎಂದು ತಿಳಿದೇ. ಬಂದ ಉತ್ತರ: “ಬ್ಲೌಸಿಗೆ ಹುಕ್ಕು ಮುಂದೆ ಇಟ್ಟವ್ಳಾ, ಹಿಂದೆ ಇಟ್ಟವ್ಳಾ ಕೇಳು. ಹಿಂದೆ ಇದ್ರೆ ನಂಗೆ ಹಾಕಕ್ಕಾಗಲ್ಲ.”

ಮುಂದೆಯೇ ಇಟ್ಟಿದ್ದಳು.

ಆ ಸಂಜೆ ಕೋಣೆ ತೆರೆದಾಗ ಅಕ್ಕ ಬಂದಿದ್ದರು. ಅಣ್ಣನಿಗೆ ಏನೂ ತಿಳಿದಿರಲಿಲ್ಲ. ನಾನು ಸಾಮಾನ್ಯವಾಗಿ ಸೂಚನೆಗಳನ್ನು ಕೊಡುವವಳಲ್ಲ. ಅಂದು ಕೊಟ್ಟೆ. “ನಾಳೆ ಎಲ್ಲರೂ ನೀರು ಕುಡಿದು ಬನ್ನಿ. ಅಲ್ಲಿ ಎಲ್ಲದಕ್ಕೂ ಜಾಗ ಆಗಿದೆ.”

ಅಣ್ಣ ದನಿ ತಗ್ಗಿಸಿ ಕೇಳಿದರು. ಅದು ಅವರ ಸ್ವಭಾವವಲ್ಲ.

“ನಂಗೂ ಹೇಳ್ತಿದೀಯೇನಮ್ಮಾ?”

“ಎಲ್ಲರಿಗೂ ಅಣ್ಣ.”

“ದಿನವೆಲ್ಲ ಟೀ ಮಾರ್ತೀನಿ. ಬಸ್ಸು ಹತ್ತೋ ದಿನ ಒಂದ್ ಗುಟುಕು ಕುಡಿಯಲ್ಲ ನಾನು. ಗೊತ್ತಿಲ್ಲದ ಜಾಗದಲ್ಲಿ ಗೋಡೆ ಯಾವ್ದು, ರೋಡು ಯಾವ್ದು ಅಂತ ಯಾರನ್ನ ಕೇಳ್ಲಿ? ಒಂದ್ಸಲ ಗೋಡೆ ಅಂತ ನಿಂತ್ಕೊಂಡೆ. ಯಾರ್ದೋ ಬುಲೆಟ್ ಗಾಡಿ. ಆಯಪ್ಪ ಅಲ್ಲೇ ಕೂತಿದ್ದ.”

“ಅಯ್ಯಯ್ಯೋ! ಏನಂದ?” ಅಕ್ಕನ ಜಗಲಿಯಿಂದ ಯಾರೋ ಕೂಗಿದರು.

ಆಯಪ್ಪ ಏನಂದನೋ ಅಣ್ಣ ಅದನ್ನು ಇದ್ದ ಹಾಗೇ, ತೆಲುಗಿನಲ್ಲೇ ಹೇಳಿದರು. ಸ್ವಲ್ಪ ಹೊತ್ತಿಗೆ ಸೆಟೆದ ದನಿ ಓದಿತು: “ಒಂದು ಸಾಲು ಪೂರ್ತಿ ಚುಕ್ಕಿ ಬಂತು. ಇಷ್ಟು ಉದ್ದ ಯಾವತ್ತೂ ಬಂದಿರಲಿಲ್ಲ.”

ಭಾನುವಾರ ಬೆಳಿಗ್ಗೆ ಹೊರಡುವ ಮುಂಚೆ ನಾನು ಅಡುಗೆಮನೆಗೆ ಹೋಗಿ ದೊಡ್ಡ ಲೋಟದ ತುಂಬ ನೀರು ಕುಡಿದೆ. ಅಮ್ಮ ನೋಡುತ್ತಾ ನಿಂತಿದ್ದಳು. “ಇವತ್ತೇನೇ ಇದು?” ಎಂದಳು. ಅವಳಿಗೂ ಇಷ್ಟು ವರ್ಷ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು. ಮಾಸ್ತಿಯಿಂದ ಮಾಲೂರು, ಮಾಲೂರಿನಿಂದ ಕೋಲಾರ, ಅಲ್ಲಿಂದ ಸುಗಟೂರಿನ ಬಸ್ಸು. ಬಸ್ಸಿನಲ್ಲಿ ಮೊದಲ ಸಲ ಕಿಟಕಿಯ ಹೊರಗೆ ನೋಡುತ್ತಾ ಹೋದೆ. ಮೊದಲೆಲ್ಲ ಪ್ರಯಾಣವೆಂದರೆ ಹೊತ್ತಿನ ಲೆಕ್ಕ ಮಾತ್ರ ಇರುತ್ತಿತ್ತು.

ಹುಳು ಮನೆಯೊಳಗೆ ತಂಪಿತ್ತು, ಸುಣ್ಣದ, ಬ್ಲೀಚಿಂಗ್ ಪುಡಿಯ ವಾಸನೆ. ಹುಳುವಿನ ತಟ್ಟೆಗಳನ್ನು ತೊಳೆದು ಗೋಡೆಗೆ ಒರಗಿಸಿದ್ದರು. ಟೈಲರ್ ನಾನು ಅಂದುಕೊಂಡಿದ್ದಕ್ಕಿಂತ ಗಿಡ್ಡ. ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಅಳತೆ ತೆಗೆದುಕೊಳ್ಳುತ್ತಿದ್ದಾಳೆ ಎಂದು ತಿಳಿದಾಗ ನಗು ಬಂತು. ಅಣ್ಣ ಆಗಲೇ ಬಂದು ಚಾಪೆಯ ಮೇಲೆ ಕೂತಿದ್ದರು, ತೆಳ್ಳಗೆ, ಇಸ್ತ್ರಿ ಮಾಡಿದ ಅಂಗಿ. ಬಂದ ತಕ್ಷಣ ಅವರನ್ನು ಟೈಲರಿನ ಗಂಡ ಹಿತ್ತಿಲಿಗೆ ಕರೆದುಕೊಂಡು ಹೋಗಿ ಬಂದಿದ್ದನಂತೆ. “ಅಪ್ಪಟ ಗೋಡೆ ಕಣಮ್ಮ. ಕೈಯಿಟ್ಟು ನೋಡ್ದೆ,” ಎಂದರು.

ಅಕ್ಕನ ಓಮ್ನಿ ಹೇಳಿದ ಹೊತ್ತಿಗೆ ಬರಲಿಲ್ಲ. ಫೋನು ಮಾಡಿದರೆ ಹೊಡೆದುಕೊಳ್ಳುತ್ತಿತ್ತು, ಯಾರೂ ಎತ್ತಲಿಲ್ಲ. ಟೈಲರ್ ಎದ್ದು ಹೋಗಿ ಪರದೆಯ ನೆರಿಗೆ ಸರಿಮಾಡಿ ಬಂದಳು, ಸ್ವಲ್ಪ ಹೊತ್ತಿಗೆ ಮತ್ತೆ ಹೋಗಿ ಸರಿಮಾಡಿದಳು. ಕೊನೆ ಗಳಿಗೆಯಲ್ಲಿ ಧೈರ್ಯ ಸಾಲದೆ ಹೋಗಿದ್ದರೆ ಎಂದು ನಾವು ಮೂವರೂ ಯೋಚಿಸುತ್ತಿದ್ದೆವು.

ಹಾರ್ನ್ ಮೊದಲು ಕೇಳಿಸಿದ್ದು ಅಣ್ಣನಿಗೆ. ನಾವು ಬಾಗಿಲಿಗೆ ಬರುವಷ್ಟರಲ್ಲಿ ಓಮ್ನಿ ಅಂಗಳಕ್ಕೆ ತಿರುಗಿತ್ತು. ವಾರಗಿತ್ತಿ ಮೊದಲು ಇಳಿದು ಡ್ರೈವರಿಗೂ ಟೈಲರಿನ ಗಂಡನಿಗೂ ಎಲ್ಲಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು ಎಂದು ಹೇಳಿಕೊಟ್ಟರು. ಅಕ್ಕ ಕುರ್ಚಿಯ ಸಮೇತ ಕೆಳಗಿಳಿದರು. ನಾನು ದೊಡ್ಡ ಮೈಕಟ್ಟಿನವರನ್ನು ಕಲ್ಪಿಸಿಕೊಂಡಿದ್ದೆ. ಸಣಕಲು ಹೆಂಗಸು, ತಲೆ ತುಂಬ ಕನಕಾಂಬರ.

“ದಾರೀಲಿ ನಿಲ್ಲಿಸಿ ನಿಲ್ಲಿಸಿ ಬಂದ್ವಿ,” ಎಂದರು ವಾರಗಿತ್ತಿ. “ಇವರು ಅದ್ಯಾವ ಮರ, ಇದ್ಯಾರ ತೋಪು, ಈ ಮನೆ ಯಾವಾಗ ಕಟ್ಟಿದ್ರು ಅಂತ ಒಂದೊಂದನ್ನೂ ಕೇಳ್ತಾರೆ. ಫೋನ್ ಎತ್ತಕ್ಕೂ ಬಿಡ್ಲಿಲ್ಲ.”

ಅಕ್ಕ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ನನ್ನ ಹತ್ತಿರ ಬಂದಾಗ ಕೈ ಹಿಡಿದು, “ನೀನೇನಾ ಗುಟ್ಟಿನೋಳು,” ಎಂದರು. ಅಣ್ಣನ ಮುಖ ಲಕ್ಷಣವಾಗಿದೆ, ಸುಳ್ಳು ಹೇಳುವ ಬಾಯಿಯ ಹಾಗೆ ಕಾಣುವುದಿಲ್ಲ ಎಂದರು. ಅಣ್ಣ ಇದನ್ನು ಬರೆದುಕೊಡಬೇಕೆಂದರು.

ಮಜ್ಜಿಗೆ ಬಂತು. ಅಕ್ಕ ವಾರಗಿತ್ತಿಯ ಕಡೆ ಒಮ್ಮೆ ನೋಡಿ, ಲೋಟ ಎತ್ತಿ ಪೂರ್ತಿ ಕುಡಿದರು. ನಾನೂ ಕುಡಿದೆ.

ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ಊಟವಾಗಿ ಸ್ವಲ್ಪ ಹೊತ್ತಿಗೆ ವಾರಗಿತ್ತಿ ಎದ್ದು ಚೀಲ ತೆಗೆದುಕೊಂಡರು. ಕುರ್ಚಿ ಸೊಪ್ಪಿನ ಕೋಣೆಯ ಕಡೆಗೆ ಹೋಯಿತು, ಪರದೆ ಬಿತ್ತು. ಸಿಮೆಂಟಿನ ಖಾಲಿ ಮನೆಯಲ್ಲಿ ಸಣ್ಣ ಸದ್ದೂ ಕೇಳುತ್ತದೆ. ಮಂಚ ಕಿರುಗುಟ್ಟಿದ್ದು ಕೇಳಿತು, ಬಕೆಟ್ಟಿನ ಹಿಡಿ ಕೇಳಿತು. ಆಗ ಅಣ್ಣ ಇದ್ದಕ್ಕಿದ್ದ ಹಾಗೆ ಗಟ್ಟಿಯಾಗಿ ಟೊಮ್ಯಾಟೊ ವಿಷಯ ತೆಗೆದರು. ಯಾವ ಮಂಡಿಯಲ್ಲಿ ಎಷ್ಟು ಲೋಡು ಬಂತು, ಯಾವ ಲಾರಿಯವನು ಟೀ ಕುಡಿಯುವಾಗ ಏನು ಹೇಳಿದ. ಟೈಲರಿನ ಗಂಡ ಅಷ್ಟೇ ಗಟ್ಟಿಯಾಗಿ ಹೂಂಗುಟ್ಟಿದ. ನನಗೆ ಟೊಮ್ಯಾಟೊ ಬಗ್ಗೆ ಏನೂ ಗೊತ್ತಿಲ್ಲ. ಆದರೂ ಕೂಗಿ ಕೂಗಿ ಪ್ರಶ್ನೆ ಕೇಳಿದೆ. ನನ್ನ ಬದುಕಿನಲ್ಲಿ ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಟೈಲರಿಗೆ ಮಾತು ಕೇಳದಿದ್ದರೂ ನಮ್ಮ ಬಾಯಿಗಳನ್ನು ನೋಡಿಯೇ ವಿಷಯ ತಿಳಿದಿರಬೇಕು. ಅವಳು ಸ್ಟೀಲ್ ತಟ್ಟೆಗಳನ್ನು ಒಂದರ ಮೇಲೊಂದು ಬೇಕೆಂದೇ ಬಡಿದು ಜೋಡಿಸತೊಡಗಿದಳು.

ಪರದೆ ಸರಿಯಿತು. ಅಕ್ಕ ಹೊರಗೆ ಬಂದರು. ಟೈಲರ್ ಕೊಟ್ಟಿದ್ದ ನೇರಳೆ ಬ್ಲೌಸು ಹಾಕಿಕೊಂಡಿದ್ದರು, ಸೀರೆ ಬಂದಾಗ ಇದ್ದಷ್ಟೇ ಗರಿಗರಿಯಾಗಿತ್ತು. ನಮ್ಮೆಲ್ಲರನ್ನೂ ನೋಡಿ ಅವರಿಗೆ ಅರ್ಥವಾಯಿತು. “ಸಾಕ್ ನಿಲ್ಲಿಸ್ರೋ,” ಎಂದರು. “ಟೊಮ್ಯಾಟೊ ಮಂಡೀಲೂ ಇಷ್ಟು ಗಲಾಟೆ ಇರಲ್ಲ.” ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನಾನೂ ಹಿತ್ತಿಲಿಗೆ ಹೋಗಿ ಬಂದೆ. ಪೈಪು ಗಟ್ಟಿಯಾಗಿತ್ತು.

ಸಂಜೆ ಬಿಸಿಲು ಇಳಿದಾಗ ಬೇರೆ ಬೇರೆ ದಿಕ್ಕಿಗೆ ಹೊರಟೆವು. ಕೋಲಾರದಿಂದ ಮಾಲೂರಿನ ಬಸ್ಸಿನಲ್ಲಿ ಕೂತು, ಡೇರಿಗೆ ಹಾಲು ಹಾಕುವ ಹೊತ್ತು ಇನ್ನೂ ಮುಗಿಯದಿದ್ದರೂ ಕೋಣೆ ತೆರೆದೆ. ಅಕ್ಕ ಒಳಗಿದ್ದರು. ಹಿಂದೆ ಹಾರ್ನ್‌ಗಳ ಸದ್ದು, ಕಂಡಕ್ಟರ್ ಯಾವುದೋ ಊರಿನ ಹೆಸರು ಕೂಗುತ್ತಿದ್ದ. ಓಮ್ನಿ ಇನ್ನೂ ಶ್ರೀನಿವಾಸಪುರದ ಪೇಟೆಯಲ್ಲೇ ಇತ್ತು.

“ಮನೆ ಸೇರಿಲ್ಲವಾ ಅಕ್ಕ?”

“ಎಲ್ಲಿ ಸೇರೋದು? ಬಸ್‌ಸ್ಟ್ಯಾಂಡ್ ಸುತ್ತ ಏನೇನೋ ಅಂಗಡಿ ಬಂದಾವೆ ಕಣೇ. ಎಲ್ಲಾ ನೋಡ್ಬೇಕು. ಟೀ ಬೇರೆ ಕುಡಿದ್ವಿ.”

“ಸಾಕು ಬಾರಕ್ಕ, ಹಾಲು ಕರೆಯೋ ಹೊತ್ತಾಯ್ತು,” ಎಂದು ವಾರಗಿತ್ತಿ ಅಂದದ್ದು ಕೇಳಿಸಿತು.

“ಕರ್ಕೊಂತಾರೆ ಬಿಡೇ. ಮನೇಲಿ ಗಂಡಸರಿಗೆ ಕೈಯಿಲ್ವಾ? ಡ್ರೈವರಣ್ಣ, ಆ ಕಡೆ ಬೀದಿಗೆ ತಿರುಗಿಸು, ಅದನ್ನ ನೋಡಿಲ್ಲ.”

ಓಮ್ನಿ ತಿರುಗಿದ ಸದ್ದು ಕೇಳಿಸಿತು.